ತೂಕದ ಚೀಟಿ ಬರೆಯುವವರು ಯಾರು?
ಒಂದು ಕ್ಯಾಥೊಲಿಕ್ ವಿಶ್ವವಿದ್ಯಾನಿಲಯ ನಡೆದು ಬಂದ 140 ವರ್ಷಗಳ ದಾರಿ

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಪದವಿಪೂರ್ವ ವಿದ್ಯಾರ್ಥಿಗಳು ಹಾಗೂ ಅವರ ತಂದೆತಾಯಿಗಳ ಮುಂದೆ ಮಾಡಿದ ಭಾಷಣದ ಪಠ್ಯ)



ಮಂಡ್ಯ ಸೀಮೆಯ ರೈತನಿಗೆ ತೂಕದ ಚೀಟಿಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ನೀರು ಕಟ್ಟಿ, ಗೊಬ್ಬರ ಹಾಕಿ, ಕಬ್ಬು ಕಡಿದು, ಗಾಡಿ ತುಂಬಿ ಕಾರ್ಖಾನೆಯ ಬಾಗಿಲಿಗೆ ಒಯ್ದರೂ ಆ ಕಬ್ಬು ಎಷ್ಟು ಟನ್ ಎಂದು ಹೇಳುವವನು ಬೆಳೆದವನಲ್ಲ. ತೂಕದ ಸೇತುವೆಯ ಮೇಲೆ ಗಾಡಿ ನಿಂತು, ಕಾರ್ಖಾನೆಯವರು ಚೀಟಿ ಬರೆದುಕೊಟ್ಟ ಮೇಲೆಯೇ ಅದಕ್ಕೆ ಬೆಲೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾದಂದಿನಿಂದ ಇಲ್ಲಿನ ಮೂರು ತಲೆಮಾರು ಕಂಡ ಸತ್ಯ ಇದು. ಬೆಳೆಯುವ ಕೈ ಒಂದು, ತೂಗುವ ಕೈ ಇನ್ನೊಂದು.

ಕಾಲೇಜಿಗೂ ವಿಶ್ವವಿದ್ಯಾನಿಲಯಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇದೇ. ಕಾಲೇಜು ಪಾಠ ಹೇಳುತ್ತದೆ. ವಿದ್ಯಾರ್ಥಿಯನ್ನು ಮೂರು ವರ್ಷ ತಿದ್ದಿ ತೀಡುತ್ತದೆ. ಆದರೆ ಅವನು ಕಲಿತದ್ದೆಷ್ಟು ಎಂದು ತೂಗಿ, ಪದವಿ ಎಂಬ ಚೀಟಿಗೆ ಸಹಿ ಹಾಕುವುದು ವಿಶ್ವವಿದ್ಯಾನಿಲಯ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿರುವ ಸೇಂಟ್ ಜೋಸೆಫ್ಸ್ ಸಂಸ್ಥೆ 1882ರಲ್ಲಿ ಕಾಲೇಜಾಗಿ ಹುಟ್ಟಿತು. ವಿಶ್ವವಿದ್ಯಾನಿಲಯವಾಗಿ ಉದ್ಘಾಟನೆಗೊಂಡದ್ದು 2022ರಲ್ಲಿ. ನಡುವಿನ 140 ವರ್ಷಗಳಲ್ಲಿ ಅದು ಬೆಳೆದ ಬೆಳೆಯನ್ನು ತೂಗಿದವರು ಬೇರೆಯವರು. ಆ ತಕ್ಕಡಿ ಅದರ ಕೈಗೆ ಬಂದದ್ದು ಹೇಗೆ, ಅಷ್ಟು ತಡವಾದದ್ದೇಕೆ ಎಂಬುದನ್ನು ತಿಳಿಯುವುದು ಮಂಡ್ಯದವರಿಗೆ ಈಗ ತೀರ ಅಗತ್ಯವಾಗಿದೆ. ಏಕೆಂದರೆ ಇದೇ ಮಂಡ್ಯಕ್ಕೂ 2019ರಲ್ಲಿ ಒಂದು ತಕ್ಕಡಿ ಬಂದಿತ್ತು. ಅದರ ಕತೆ ಕೊನೆಯಲ್ಲಿ.

ಬೇರು ಶ್ರೀರಂಗಪಟ್ಟಣದಲ್ಲಿ

ಬೆಂಗಳೂರಿನ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಮಂಡ್ಯ ಜಿಲ್ಲೆಯಿಂದ ಆರಂಭಿಸಬೇಕು ಎಂದರೆ ಆಶ್ಚರ್ಯವಾಗಬಹುದು. ಆದರೆ ಮೈಸೂರು ಸೀಮೆಗೆ ಕ್ಯಾಥೊಲಿಕ್ ಪಾದ್ರಿಗಳು ಕಾಲಿಟ್ಟದ್ದು ಒಡೆಯರ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣದಲ್ಲಿ. 17ನೇ ಶತಮಾನದ ನಡುಭಾಗದಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿ ಇಲ್ಲಿಗೆ ಬಂದು ಕನ್ನಡ ಕಲಿತು ಮೈಸೂರು ಮಿಷನ್ನಿಗೆ ತಳಹದಿ ಹಾಕಿದ. ಅವನು ಯೇಸುಸಭೆಗೆ, ಎಂದರೆ ಜೆಸ್ವಿಟ್ ಸಂಘಕ್ಕೆ ಸೇರಿದವನು. ಶಾಲೆ ಕಾಲೇಜುಗಳನ್ನು ಕಟ್ಟುವುದರಲ್ಲಿ ಜಗತ್ತಿನಾದ್ಯಂತ ಹೆಸರಾದ ಸಂಘ ಅದು.

ಆ ಸಂಘಕ್ಕೆ 1773ರಲ್ಲಿ ದೊಡ್ಡ ಪೆಟ್ಟು ಬಿತ್ತು. ಯೂರೋಪಿನ ರಾಜರುಗಳ ಒತ್ತಡಕ್ಕೆ ಮಣಿದು ಪೋಪ್ ಹದಿನಾಲ್ಕನೆಯ ಕ್ಲೆಮೆಂಟರು ಜೆಸ್ವಿಟ್ ಸಂಘವನ್ನೇ ವಿಸರ್ಜಿಸಿಬಿಟ್ಟರು. ಅದಕ್ಕೆ ಮತ್ತೆ ಜೀವ ಬಂದದ್ದು 1814ರಲ್ಲಿ. ದಕ್ಷಿಣ ಭಾರತದಲ್ಲಿ ಅವರು ಬಿಟ್ಟ ಕೆಲಸವನ್ನು ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘದ ಫ್ರೆಂಚ್ ಪಾದ್ರಿಗಳು ಕೈಗೆತ್ತಿಕೊಂಡರು. ಹೀಗೆ ಬಂದವರಲ್ಲಿ ಒಬ್ಬರು ಅಬ್ಬೆ ದ್ಯುಬುವಾ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬಳಿಕ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಲು ಅವರು ಮೈಸೂರು ಸೀಮೆಗೆ ಬಂದರು. ಗಂಜಾಮಿನಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಕರೆಯುವ ಇಗರ್ಜಿ ಇದೆ. ಸಿಡುಬಿಗೆ ದಾಕು ಹಾಕಿಸಿಕೊಳ್ಳಲು ಜನ ಹೆದರುತ್ತಿದ್ದ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಊರೂರು ತಿರುಗಿ ದಾಕು ಹಾಕಿಸಿದವರೂ ಅವರೇ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ದೊಡ್ಡ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು.

ಇದೇ ದ್ವೀಪದಲ್ಲಿ ಇನ್ನೊಂದು ಬೇರೂ ಇದೆ. 1784ರಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯ ಮೇಲೆ ಟಿಪ್ಪು ಮಂಗಳೂರಿನ ಕ್ಯಾಥೊಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ. ಹದಿನೈದು ವರ್ಷಗಳ ಬಂಧನದಲ್ಲಿ ಅನೇಕರು ತೀರಿಕೊಂಡರು. ಉಳಿದವರಲ್ಲಿ ಹಲವರು 1799ರ ನಂತರ ಕರಾವಳಿಗೆ ಮರಳಿ, ಕಳೆದುಕೊಂಡ ನೆಲದಲ್ಲಿ ಹೊಸದಾಗಿ ಬದುಕು ಕಟ್ಟಿದರು. ಆ ಸಮುದಾಯ ತನ್ನ ಮಕ್ಕಳಿಗೆ ಉನ್ನತ ಶಿಕ್ಷಣ ಬೇಕೆಂದು ಹಂಬಲಿಸಿದ್ದರ ಫಲವೇ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಇಟಲಿಯ ಜೆಸ್ವಿಟರು 1880ರ ಜನವರಿ 12ರಂದು ಅದನ್ನು ತೆರೆದರು. ಅದೂ ಈಗ ವಿಶ್ವವಿದ್ಯಾನಿಲಯವಾಗಿದೆ. ಕರ್ನಾಟಕದ ಎರಡು ಹಳೆಯ ಕ್ಯಾಥೊಲಿಕ್ ವಿದ್ಯಾಸಂಸ್ಥೆಗಳ ಹಿಂದಿನ ಕತೆ ಮಂಡ್ಯ ಜಿಲ್ಲೆಯ ಒಂದೇ ದ್ವೀಪವನ್ನು ಹಾದುಹೋಗುತ್ತದೆ.

ರೈಲು ಬಂದ ವರ್ಷ ಕಾಲೇಜೂ ಬಂತು

1850ರ ಹೊತ್ತಿಗೆ ಮೈಸೂರು ಮಿಷನ್ ಪುದುಚೇರಿಯಿಂದ ಬೇರ್ಪಟ್ಟು ಸ್ವತಂತ್ರವಾಗಿತ್ತು. ಬೆಂಗಳೂರು ಅದರ ಕೇಂದ್ರ. ಫ್ರೆಂಚ್ ಪಾದ್ರಿಗಳು ಅಲ್ಲಿ ಮುದ್ರಣಾಲಯ ನಡೆಸಿ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟನ್ನೂ 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟನ್ನೂ ಹೊರತಂದರು. ಕಿಟೆಲರ ನಿಘಂಟು ಬಂದದ್ದು 1894ರಲ್ಲಿ ಎಂಬುದನ್ನು ನೆನೆದರೆ ಈ ಕೆಲಸದ ಹಿರಿಮೆ ತಿಳಿಯುತ್ತದೆ. 1858ರಲ್ಲಿ ಅವರು ಸೇಂಟ್ ಜೋಸೆಫ್ಸ್ ಶಾಲೆಯನ್ನು ಆರಂಭಿಸಿದರು. 1882ರಲ್ಲಿ ಕಾಲೇಜು ಬಂತು.

ಆ ಕಾಲದ ಮೈಸೂರು ಸಂಸ್ಥಾನವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ಐವತ್ತು ವರ್ಷ ಇಂಗ್ಲಿಷ್ ಕಮಿಷನರುಗಳ ಕೈಯಲ್ಲಿದ್ದ ಆಡಳಿತ 1881ರಲ್ಲಿ ಮತ್ತೆ ಒಡೆಯರಿಗೆ ಬಂದಿತ್ತು. ಅದೇ ವರ್ಷ ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ ಮದ್ದೂರು ದಾಟಿ ಮಂಡ್ಯ ತಲಪಿತು. 1882ರಲ್ಲಿ ಮೈಸೂರು ಮುಟ್ಟಿತು. ಹಳ್ಳಿಯ ಹುಡುಗ ಬೆಂಗಳೂರಿಗೆ ಹೋಗಿ ಓದುವ ದಾರಿಯೂ, ಅವನು ಓದಬಹುದಾದ ಈ ಕಾಲೇಜೂ ಒಟ್ಟಿಗೇ ತೆರೆದುಕೊಂಡವು. ಹಳಿ ಬಾರದ ಮಳವಳ್ಳಿಯ ಕತೆ ಬೇರೆ. ಆದರೆ ಬೆಂಗಳೂರಿಗೆ ಬೆಳಕು ಕೊಟ್ಟದ್ದು ಅದೇ ತಾಲ್ಲೂಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ದೀಪ ಹೊತ್ತಿಸಿತು. ಮಳವಳ್ಳಿಯ ಹುಡುಗರು ಅಲ್ಲಿಗೆ ಹೋಗುವ ಮೊದಲೇ ಮಳವಳ್ಳಿಯ ನೀರಿನ ಶಕ್ತಿ ಹೋಗಿತ್ತು.

ಕಾಲೇಜು ನಿಂತದ್ದು ಬೆಂಗಳೂರಿನ ದಂಡು ಪ್ರದೇಶದಲ್ಲಿ. ಪೇಟೆ ಮಹಾರಾಜರದಾದರೂ ದಂಡು 1947ರವರೆಗೆ ಇಂಗ್ಲಿಷರ ಆಡಳಿತದಲ್ಲಿಯೇ ಇತ್ತು. ಪಾದ್ರಿಗಳು ಫ್ರೆಂಚರು, ನೆಲದ ಆಡಳಿತ ಇಂಗ್ಲಿಷರದು, ಸುತ್ತಲಿನ ನಾಡು ಮೈಸೂರಿನದು. ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಬರುತ್ತಿದ್ದುದು ಮದರಾಸಿನಿಂದ.

ಮದರಾಸಿನ ತಕ್ಕಡಿ

ಇದಕ್ಕೆ ಕಾರಣ 1857ರ ವ್ಯವಸ್ಥೆ. ಆ ವರ್ಷ ಕಲ್ಕತ್ತ, ಮುಂಬಯಿ, ಮದರಾಸು ಮೂರರಲ್ಲೂ ಇಂಗ್ಲಿಷ್ ಸರ್ಕಾರ ವಿಶ್ವವಿದ್ಯಾನಿಲಯಗಳನ್ನು ಸ್ಥಾಪಿಸಿತು. ಅವು ಆಕ್ಸ್‌ಫರ್ಡಿನಂತೆ ಪಾಠ ಹೇಳುವ ವಿದ್ಯಾಪೀಠಗಳಲ್ಲ. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಪಠ್ಯ ಗೊತ್ತುಪಡಿಸಿ, ಪರೀಕ್ಷೆ ನಡೆಸಿ, ಪದವಿ ಕೊಡುವ ಕಚೇರಿಗಳು. ಪಾಠ ಹೇಳುವ ಹೊಣೆ ದೂರದೂರದ ಕಾಲೇಜುಗಳದು. ಕಾಲೇಜು ಅವುಗಳಲ್ಲೊಂದಕ್ಕೆ ಸಂಯೋಜನೆ ಪಡೆಯಬೇಕು. ಈ ಸಂಯೋಜನೆಯ ಪದ್ಧತಿ ಇಂದಿಗೂ ನಮ್ಮಲ್ಲಿ ಮುಂದುವರಿದಿದೆ. ಬೆಂಗಳೂರಿನ ಪ್ರಾಧ್ಯಾಪಕರಿಗೆ ಹೊಸ ವಿಷಯ ಕಲಿಸುವ ಉತ್ಸಾಹವಿದ್ದರೂ ಮದರಾಸಿನ ಪಠ್ಯಪಟ್ಟಿಯಲ್ಲಿ ಅದು ಇರದಿದ್ದರೆ ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ.

ಹಾಗಾದರೆ ಕ್ರೈಸ್ತ ಸಂಸ್ಥೆಗಳು ತಮ್ಮದೇ ವಿಶ್ವವಿದ್ಯಾನಿಲಯ ಮಾಡಿಕೊಳ್ಳಬಾರದಾಗಿತ್ತೇ? ಯೂರೋಪಿನಲ್ಲಿ ಹಳೆಯ ವಿಶ್ವವಿದ್ಯಾನಿಲಯಗಳ ಬೆನ್ನಿಗೆ ಇಗರ್ಜಿಯೇ ನಿಂತಿತ್ತು. 1231ರಲ್ಲಿ ಪೋಪ್ ಒಂಬತ್ತನೆಯ ಗ್ರೆಗೊರಿಯವರು ಪ್ಯಾರಿಸ್ ವಿಶ್ವವಿದ್ಯಾನಿಲಯಕ್ಕೆ ಸನದು ಕೊಟ್ಟು ಅದರ ಅಧ್ಯಾಪಕರ ಹಕ್ಕುಗಳನ್ನು ಕಾಪಾಡಿದ್ದರು. 1425ರಲ್ಲಿ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಪೋಪರ ಸನದಿನಿಂದಲೇ. ಆದರೆ 19ನೇ ಶತಮಾನದ ಹೊತ್ತಿಗೆ ಕಾಲ ಬದಲಾಗಿತ್ತು. ಪದವಿಗೆ ಮಾನ್ಯತೆ ಕೊಡುವ ಅಧಿಕಾರ ಪೋಪರಿಂದ ಸರ್ಕಾರಕ್ಕೆ ಸರಿದಿತ್ತು.

ಇದರ ಬಿಸಿ ತಟ್ಟಿದ್ದು ಐರ್ಲೆಂಡಿನ ಕ್ಯಾಥೊಲಿಕರಿಗೆ. 1854ರಲ್ಲಿ ಅವರು ಡಬ್ಲಿನ್ ನಗರದಲ್ಲಿ ಜನರಿಂದ ಚಂದಾ ಎತ್ತಿ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯ ತೆರೆದರು. ಜಾನ್ ಹೆನ್ರಿ ನ್ಯೂಮನ್ನರಂಥ ವಿದ್ವಾಂಸರು ಅದರ ಮೊದಲ ಮುಖ್ಯಸ್ಥರು. ವಿಶ್ವವಿದ್ಯಾನಿಲಯ ಎಂದರೇನು ಎಂದು ವಿವರಿಸಿ ಅವರು ಮಾಡಿದ ಉಪನ್ಯಾಸಗಳು ಇಂದಿಗೂ ಓದಿನಲ್ಲಿವೆ. ಆದರೆ ಇಂಗ್ಲಿಷ್ ಸರ್ಕಾರ ಪದವಿ ಕೊಡುವ ಸನದು ನೀಡಲಿಲ್ಲ. ಕೆಲಸಕ್ಕೆ ಬಾರದ ಪದವಿಗಾಗಿ ಮಕ್ಕಳನ್ನು ಎಷ್ಟು ಮಂದಿ ಕಳಿಸಿಯಾರು? ನ್ಯೂಮನ್ 1858ರಲ್ಲಿ ಹೊರಬಂದರು. ಕಡೆಗೆ 1882ರಲ್ಲಿ ಆ ಸಂಸ್ಥೆ ಹೊಸ ರೂಪ ತಳೆದು, ಸರ್ಕಾರದ ರಾಯಲ್ ವಿಶ್ವವಿದ್ಯಾನಿಲಯದ ಪರೀಕ್ಷೆಗೆ ವಿದ್ಯಾರ್ಥಿಗಳನ್ನು ತಯಾರು ಮಾಡುವ ಕಾಲೇಜಾಗಿ ಉಳಿಯಿತು. ಡಬ್ಲಿನ್ನಿನಲ್ಲಿ ಕ್ಯಾಥೊಲಿಕರ ವಿಶ್ವವಿದ್ಯಾನಿಲಯ ಕಾಲೇಜಾಗಿ ಇಳಿದ ವರ್ಷವೇ ಬೆಂಗಳೂರಿನಲ್ಲಿ ಕ್ಯಾಥೊಲಿಕರ ಕಾಲೇಜು ಹುಟ್ಟಿತು. ದೊಡ್ಡ ಹೆಸರು ಇಟ್ಟುಕೊಂಡು ಹಕ್ಕಿಲ್ಲದೆ ಸೊರಗುವುದಕ್ಕಿಂತ ಚಿಕ್ಕ ಹೆಸರಿನಲ್ಲಿ ಗಟ್ಟಿಯಾಗಿ ಪಾಠ ಹೇಳುವ ದಾರಿ ಇಲ್ಲಿನದಾಯಿತು.

ಕಾಲೇಜಿನ ಗೋಡೆಯಾಚೆಗೂ ಈ ಪಾದ್ರಿಗಳ ವಿದ್ಯಾಸಕ್ತಿ ಹಬ್ಬಿತ್ತು. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ಮಿಥಿಕ್ ಸೊಸೈಟಿ 1909ರಲ್ಲಿ ಹುಟ್ಟಿದಾಗ ಅದನ್ನು ಮುಂದೆ ನಿಂತು ಕಟ್ಟಿದವರಲ್ಲಿ ಇದೇ ಮಿಷನ್ನಿನ ಫಾದರ್ ಟಬಾರ್ಡ್ ಪ್ರಮುಖರು. ಕನ್ನಡ ನಾಡಿನ ಚರಿತ್ರೆಯ ಸಂಶೋಧನೆಗೆ ಆ ಸಂಸ್ಥೆಯ ತ್ರೈಮಾಸಿಕ ಪತ್ರಿಕೆ ಮಾಡಿದ ಉಪಕಾರ ದೊಡ್ಡದು.

ಮೈಸೂರಿನಿಂದ ಬೆಂಗಳೂರಿಗೆ

ಪರವೂರಿನ ತಕ್ಕಡಿಯ ಕಷ್ಟ ಕ್ರೈಸ್ತರಿಗೆ ಮಾತ್ರ ಇರಲಿಲ್ಲ. ಇಡೀ ಮೈಸೂರು ಸಂಸ್ಥಾನಕ್ಕಿತ್ತು. ಮಹಾರಾಜಾ ಕಾಲೇಜು, ಸೆಂಟ್ರಲ್ ಕಾಲೇಜುಗಳೂ ಮದರಾಸಿನ ಕಡೆಗೇ ನೋಡಬೇಕಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದ್ದರ ನಿಜವಾದ ಅರ್ಥ ಇದು. ಇಂಗ್ಲಿಷ್ ಆಡಳಿತದ ಹೊರಗೆ, ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ಮಂಡ್ಯ ಸೀಮೆಯ ಎರಡು ಮೂರು ತಲೆಮಾರಿನ ವಕೀಲರು, ಮೇಷ್ಟರುಗಳು, ಅಧಿಕಾರಿಗಳು ಆ ವಿಶ್ವವಿದ್ಯಾನಿಲಯದ ಮಕ್ಕಳೇ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಎಸ್. ಎಂ. ಕೃಷ್ಣ ಅವರು ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದು, ಬೆಂಗಳೂರಿನಲ್ಲಿ ಕಾನೂನು ಓದಿ, ಅಮೆರಿಕದ ಡಲ್ಲಾಸಿನಲ್ಲಿರುವ ಸದರ್ನ್ ಮೆಥೊಡಿಸ್ಟ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅದೂ ಕ್ರೈಸ್ತರು ಕಟ್ಟಿದ್ದೇ. ಆದರೆ ಕ್ಯಾಥೊಲಿಕರಲ್ಲ, ಮೆಥೊಡಿಸ್ಟರು.

ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ 1937ರಲ್ಲಿ ಮುಖ್ಯ ಬದಲಾವಣೆಯಾಯಿತು. ಐವತ್ತೈದು ವರ್ಷ ಅದನ್ನು ನಡೆಸಿದ ಫ್ರೆಂಚ್ ಪಾದ್ರಿಗಳು ಅದನ್ನು ಜೆಸ್ವಿಟರಿಗೆ ಒಪ್ಪಿಸಿದರು. 1773ರಲ್ಲಿ ಜೆಸ್ವಿಟರ ಕೈತಪ್ಪಿದ್ದ ಮೈಸೂರು ಸೀಮೆಯ ಕೆಲಸವನ್ನು ಫ್ರೆಂಚರು ಎತ್ತಿಕೊಂಡಿದ್ದರಷ್ಟೆ. ಒಂದೂವರೆ ಶತಮಾನ ಕಳೆದ ಮೇಲೆ ಅದರ ಒಂದು ಭಾಗ ಹೀಗೆ ಹಿಂದಿರುಗಿತು.

ತಕ್ಕಡಿ ಮಾತ್ರ ಇನ್ನೂ ಬೇರೆಯವರ ಕೈಯಲ್ಲಿತ್ತು. ಕಾಲೇಜಿನ ಸಂಯೋಜನೆ ಮದರಾಸಿನಿಂದ ಮೈಸೂರಿಗೆ ಬಂತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅಲ್ಲಿಗೆ ಬದಲಾಯಿತು. ಒಂದೇ ಕಾಲೇಜಿನಲ್ಲಿ ಓದಿದ ಅಜ್ಜ, ಮಗ, ಮೊಮ್ಮಗ ಮೂವರ ಪದವಿಪತ್ರಗಳ ಮೇಲೂ ಬೇರೆ ಬೇರೆ ವಿಶ್ವವಿದ್ಯಾನಿಲಯಗಳ ಮುದ್ರೆ ಇರುವುದು ಸಾಧ್ಯವಿತ್ತು. ಇಷ್ಟರ ನಡುವೆ ಕಾಲೇಜು ಒಂದೊಂದೇ ಮೆಟ್ಟಿಲು ಹತ್ತಿತು. 1986ರಲ್ಲಿ ಸ್ನಾತಕೋತ್ತರ ತರಗತಿಗಳು ಬಂದವು. 1988ರಲ್ಲಿ ಸಂಶೋಧನಾ ಕೇಂದ್ರ ಬಂತು. 2005ರಲ್ಲಿ ಸ್ವಾಯತ್ತತೆ ದೊರೆಯಿತು. ಸ್ವಾಯತ್ತ ಕಾಲೇಜು ತನ್ನ ಪಠ್ಯವನ್ನು ತಾನೇ ರೂಪಿಸಬಹುದು, ಪರೀಕ್ಷೆ ನಡೆಸಬಹುದು. ಆದರೆ ಪದವಿಪತ್ರದ ಮೇಲೆ ಸಹಿ ವಿಶ್ವವಿದ್ಯಾನಿಲಯದ್ದೇ. ಕಬ್ಬನ್ನು ತಾನೇ ತೂಗಬಹುದು. ಚೀಟಿ ಮಾತ್ರ ಕಾರ್ಖಾನೆಯ ಹೆಸರಿನಲ್ಲಿ.

ಕಾನೂನಿನ ಎರಡು ಬಾಗಿಲು

ಸ್ವತಂತ್ರ ಭಾರತದಲ್ಲಿ ಪದವಿ ಕೊಡುವ ಹಕ್ಕು ಯಾರಿಗಿದೆ ಎಂಬುದನ್ನು 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ ಕಾಯಿದೆ ಖಚಿತವಾಗಿ ಹೇಳಿದೆ. ಅದರ 22ನೇ ಕಲಮಿನ ಪ್ರಕಾರ ಸಂಸತ್ತಾಗಲಿ ರಾಜ್ಯದ ಶಾಸನಸಭೆಯಾಗಲಿ ಕಾಯಿದೆ ಮಾಡಿ ಸ್ಥಾಪಿಸಿದ ವಿಶ್ವವಿದ್ಯಾನಿಲಯ ಪದವಿ ಕೊಡಬಹುದು. ಇಲ್ಲವೆ 3ನೇ ಕಲಮಿನಂತೆ ಕೇಂದ್ರ ಸರ್ಕಾರ ‘ವಿಶ್ವವಿದ್ಯಾನಿಲಯವೆಂದು ಪರಿಗಣಿತ’ ಎಂದು ಘೋಷಿಸಿದ ಸಂಸ್ಥೆ ಕೊಡಬಹುದು. ಸಂಸತ್ತು ವಿಶೇಷವಾಗಿ ಅಧಿಕಾರ ನೀಡಿದ ಸಂಸ್ಥೆಗಳನ್ನು ಬಿಟ್ಟರೆ ಬೇರೆ ಯಾರೂ ಕೊಡುವಂತಿಲ್ಲ. ಈ ಎರಡು ಬಾಗಿಲುಗಳ ಹೊರಗೆ ನಿಂತು ಪದವಿ ಮಾರುವವರ ಹೆಸರನ್ನು ಯುಜಿಸಿ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ಪ್ರಕಟಿಸುತ್ತದೆ.

ಸಂವಿಧಾನದ 30ನೇ ವಿಧಿ ಧಾರ್ಮಿಕ ಹಾಗೂ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅದರ ಆಶ್ರಯದಲ್ಲಿ ಕ್ಯಾಥೊಲಿಕರ ಕಾಲೇಜುಗಳು ಬೆಳೆದವು. ಆದರೆ ಕಾಲೇಜು ಸ್ಥಾಪಿಸುವ ಹಕ್ಕಿನ ಜೊತೆಗೆ ಪದವಿ ಕೊಡುವ ಹಕ್ಕು ತಾನಾಗಿ ಬರುವುದಿಲ್ಲ. ಅದಕ್ಕೆ ಈ ಎರಡು ಬಾಗಿಲುಗಳಲ್ಲಿ ಒಂದನ್ನು ತಟ್ಟಲೇಬೇಕು.

ಕರ್ನಾಟಕದಲ್ಲಿ ಮೊದಲು ತಟ್ಟಿದ್ದು ಹಳೆಯವರಲ್ಲ, ಹೊಸಬರು. ಕೇರಳದಲ್ಲಿ 1831ರಲ್ಲಿ ಹುಟ್ಟಿದ ಸಿ.ಎಂ.ಐ. ಎಂಬ ಸ್ವದೇಶೀ ಸನ್ಯಾಸಿ ಸಂಘ 1969ರಲ್ಲಿ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕ್ರೈಸ್ಟ್ ಕಾಲೇಜು ತೆರೆದಿತ್ತು. ಹುಟ್ಟಿ ನಲವತ್ತು ವರ್ಷ ತುಂಬುವ ಮೊದಲೇ, 2008ರಲ್ಲಿ, ಅದು 3ನೇ ಕಲಮಿನ ಬಾಗಿಲಿನಿಂದ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಮಂಗಳೂರಿನ ಸೇಂಟ್ ಅಲೋಶಿಯಸ್ 2024ರ ಜನವರಿಯಲ್ಲಿ ಅದೇ ಬಾಗಿಲಿನಿಂದ ಒಳಬಂತು. ಸೇಂಟ್ ಜೋಸೆಫ್ಸ್ ಹಿಡಿದದ್ದು ಇನ್ನೊಂದು ದಾರಿ. ಕರ್ನಾಟಕದ ವಿಧಾನಮಂಡಲ 2021ರಲ್ಲಿ ಅದಕ್ಕಾಗಿಯೇ ಪ್ರತ್ಯೇಕ ಕಾಯಿದೆಯನ್ನು ಅಂಗೀಕರಿಸಿತು. 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ವಿಶ್ವವಿದ್ಯಾನಿಲಯವನ್ನು ಉದ್ಘಾಟಿಸಿದರು. ಹಿಂದಿನ ದಿನವಷ್ಟೇ ಅವರು ಮೈಸೂರಿನಲ್ಲಿ ದಸರಾ ಉದ್ಘಾಟಿಸಿದ್ದರು.

ಈ ಏರಿಕೆಗೆ ನೆರವಾದದ್ದು ಕೇಂದ್ರ ಸರ್ಕಾರದ ರೂಸಾ ಯೋಜನೆ. ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನ ಎಂಬುದರ ಚಿಕ್ಕ ಹೆಸರು ಅದು. ಆಯ್ದ ಸ್ವಾಯತ್ತ ಕಾಲೇಜುಗಳನ್ನು ವಿಶ್ವವಿದ್ಯಾನಿಲಯಕ್ಕೆ ಏರಿಸಲು ತಲಾ 55 ಕೋಟಿ ರೂಪಾಯಿ ಕೊಡುವ ಭಾಗವೊಂದು ಅದರಲ್ಲಿತ್ತು. ಪಾದ್ರಿಗಳ ಸಂಸ್ಥೆಯೊಂದು ಸರ್ಕಾರದ ಹಣ ಮತ್ತು ಶಾಸನಸಭೆಯ ಕಾಯಿದೆಯಿಂದ ವಿಶ್ವವಿದ್ಯಾನಿಲಯವಾದ ಕಾರಣಕ್ಕೇ ಇದನ್ನು ಸರ್ಕಾರ ಮತ್ತು ಖಾಸಗಿ ಸಹಭಾಗಿತ್ವದ ವಿಶ್ವವಿದ್ಯಾನಿಲಯ ಎಂದು ಕರೆಯುತ್ತಾರೆ.

‘ಕ್ಯಾಥೊಲಿಕ್’ ಎಂದರೆ ಏನು?

ತಂದೆತಾಯಿಗಳ ಮನಸ್ಸಿನಲ್ಲಿ ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕ್ಯಾಥೊಲಿಕರ ವಿಶ್ವವಿದ್ಯಾನಿಲಯದಲ್ಲಿ ಬೇರೆಯವರ ಮಕ್ಕಳಿಗೆ ಸ್ಥಾನವೇನು? ಧರ್ಮಪಾಠವನ್ನು ಕಡ್ಡಾಯವಾಗಿ ಕೇಳಬೇಕೇ?

ಸಂವಿಧಾನದಲ್ಲೇ ಇದಕ್ಕೆ ಉತ್ತರವಿದೆ. 28ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಧನಸಹಾಯ ಪಡೆದ ಸಂಸ್ಥೆ ಯಾವ ವಿದ್ಯಾರ್ಥಿಗೂ ಅವನ ಒಪ್ಪಿಗೆಯಿಲ್ಲದೆ, ಅವನು ಅಪ್ರಾಪ್ತನಾಗಿದ್ದರೆ ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧೆಯನ್ನಾಗಲಿ ಪೂಜೆಯನ್ನಾಗಲಿ ಹೇರುವಂತಿಲ್ಲ. 29ನೇ ವಿಧಿಯಂತೆ ಸರ್ಕಾರದ ಹಣ ಪಡೆಯುವ ಸಂಸ್ಥೆ ಧರ್ಮ, ಜಾತಿ, ಭಾಷೆಗಳ ಕಾರಣವೊಂದರಿಂದಲೇ ಪ್ರವೇಶ ನಿರಾಕರಿಸುವಂತಿಲ್ಲ. 30ನೇ ವಿಧಿಯ ಹಕ್ಕನ್ನೂ 29ನೇ ವಿಧಿಯ ಈ ಕಟ್ಟುಪಾಡನ್ನೂ ಹೇಗೆ ಹೊಂದಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನ ಮೊಕದ್ದಮೆಯಲ್ಲಿಯೂ 2002ರಲ್ಲಿ ನಮ್ಮ ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿಯೂ ವಿಸ್ತಾರವಾಗಿ ವಿಚಾರ ಮಾಡಿದೆ.

ಇಗರ್ಜಿಯ ಕಡೆಯಿಂದಲೂ ಒಂದು ಉತ್ತರವಿದೆ. 1990ರ ಆಗಸ್ಟ್ 15ರಂದು ಪೋಪ್ ಎರಡನೆಯ ಜಾನ್ ಪಾಲರು ಕ್ಯಾಥೊಲಿಕ್ ವಿಶ್ವವಿದ್ಯಾನಿಲಯಗಳ ಬಗ್ಗೆ ಒಂದು ಶಾಸನ ಹೊರಡಿಸಿದರು. ಸತ್ಯದ ಶೋಧನೆ ವಿಶ್ವವಿದ್ಯಾನಿಲಯದ ಮೊದಲ ಕೆಲಸ, ಅಲ್ಲಿರುವ ಪ್ರತಿಯೊಬ್ಬರ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಗೌರವಿಸಬೇಕು ಎಂಬ ಮಾತು ಅದರಲ್ಲಿದೆ. ಸಂಸ್ಥೆಯ ಕ್ಯಾಥೊಲಿಕ್ ಸ್ವರೂಪ ಕಾಪಾಡಿಕೊಳ್ಳಬೇಕೆಂಬ ಕಟ್ಟಳೆಯೂ ಅದರಲ್ಲೇ ಇದೆ. ಈ ಎರಡರ ನಡುವೆ ಎಳೆದಾಟ ಇಲ್ಲವೆನ್ನಲಾಗದು. ಯೂರೋಪು, ಅಮೆರಿಕಗಳ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯಗಳಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ. ಹೀಗಿರುವಾಗ ಹೆಸರು ನೋಡಿ ಹೆದರುವುದೂ ಸರಿಯಲ್ಲ, ಹೆಸರು ನೋಡಿ ಮರುಳಾಗುವುದೂ ಸರಿಯಲ್ಲ. ಹಳ್ಳಿಯ ಸಾಧಾರಣ ಕುಟುಂಬಕ್ಕೆ ಧರ್ಮಕ್ಕಿಂತ ದೊಡ್ಡ ಅಡ್ಡಗೋಡೆ ಶುಲ್ಕವಾಗಿರಬಹುದು. ಕಾಲೇಜು ಸ್ವತಂತ್ರ ವಿಶ್ವವಿದ್ಯಾನಿಲಯವಾದಾಗ ಪಠ್ಯ, ಪರೀಕ್ಷೆಗಳ ಜೊತೆಗೆ ಖರ್ಚಿನ ಭಾರವೂ ಅದರ ಹೆಗಲ ಮೇಲೆ ಬರುತ್ತದೆ. ಆ ಭಾರ ವಿದ್ಯಾರ್ಥಿಯ ಹೆಗಲಿಗೆ ಎಷ್ಟು ಜಾರುತ್ತದೆ ಎಂಬುದೇ ನೋಡಬೇಕಾದ ಸಂಗತಿ.

ಮಂಡ್ಯದ ತಕ್ಕಡಿ

ಇನ್ನು ನಮ್ಮೂರ ಕತೆ. ಇದೇ ರೂಸಾ ಯೋಜನೆಯಡಿಯಲ್ಲಿ, ಇದೇ ಮೇಲ್ದರ್ಜೆಗೇರಿಸುವ ಕ್ರಮದಲ್ಲಿ, ಮಂಡ್ಯದ ಸರ್ಕಾರಿ ಸ್ವಾಯತ್ತ ಕಾಲೇಜು 2019ರಲ್ಲಿ ಮಂಡ್ಯ ವಿಶ್ವವಿದ್ಯಾನಿಲಯವಾಯಿತು. ಸೇಂಟ್ ಜೋಸೆಫ್ಸ್‌ಗಿಂತ ಮೊದಲೇ ಮಂಡ್ಯಕ್ಕೆ ತಕ್ಕಡಿ ಸಿಕ್ಕಿತ್ತು. ಮದ್ದೂರಿನ, ಮಳವಳ್ಳಿಯ ಬಡವರ ಮಗಳು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಮನೆಗೆ ಬರುವ ದೂರದಲ್ಲಿ ವಿಶ್ವವಿದ್ಯಾನಿಲಯ ಬಂದದ್ದು ಸಣ್ಣ ಸಂಗತಿಯಲ್ಲ. ಬೆಂಗಳೂರಿನ ಹಾಸ್ಟೆಲ್ಲಿನ ಖರ್ಚು, ಹೆಣ್ಣುಮಗಳನ್ನು ದೂರ ಕಳಿಸುವ ಅಂಜಿಕೆ ಎರಡೂ ಅಲ್ಲಿ ಇರಲಿಲ್ಲ.

ಆದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸಚಿವ ಸಂಪುಟದ ಉಪಸಮಿತಿಯೊಂದು ಹಣದ ಕೊರತೆ ಮೊದಲಾದ ಕಾರಣಗಳನ್ನು ಮುಂದಿಟ್ಟು ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚಿ ಹಳೆಯವುಗಳಲ್ಲಿ ವಿಲೀನಗೊಳಿಸುವ ನಿಲುವಿಗೆ ಬಂತು. ಆ ಪಟ್ಟಿಯಲ್ಲಿ ಮಂಡ್ಯದ ಹೆಸರೂ ಇತ್ತು. ಒಂದೇ ಯೋಜನೆ, ಒಂದೇ ಕಾಲ. ಹಾಗಿದ್ದೂ ಬೆಂಗಳೂರಿನ ಸಂಸ್ಥೆ ನೆಲೆ ನಿಂತಿತು; ಮಂಡ್ಯದ್ದು ಆರೇ ವರ್ಷಗಳಲ್ಲಿ ಉಳಿವಿನ ಪ್ರಶ್ನೆ ಎದುರಿಸಿತು. ಏಕೆ?

ಪಾದ್ರಿಗಳು ಹೆಚ್ಚು ಜಾಣರು, ಸರ್ಕಾರದವರು ದಡ್ಡರು ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಸೇಂಟ್ ಜೋಸೆಫ್ಸ್‌ಗೆ ತಕ್ಕಡಿ ಬರುವ ಹೊತ್ತಿಗೆ ಅದರ ಕಣಜ ತುಂಬಿತ್ತು. 140 ವರ್ಷಗಳ ಹಳೆಯ ವಿದ್ಯಾರ್ಥಿಗಳು, ಸಂಶೋಧನೆಯ ಅನುಭವ, ಹದಿನೇಳು ವರ್ಷ ಸ್ವಂತವಾಗಿ ಪರೀಕ್ಷೆ ನಡೆಸಿದ ಅಭ್ಯಾಸ, ಸರ್ಕಾರ ಬದಲಾದರೂ ಬದಲಾಗದ ಆಡಳಿತ ಎಲ್ಲವೂ ಇದ್ದವು. ಸರ್ಕಾರಿ ವಿಶ್ವವಿದ್ಯಾನಿಲಯಕ್ಕೆ ಹೆಸರು ಕೊಡುವುದು ಒಂದು ದಿನದ ಕೆಲಸ. ಅಧ್ಯಾಪಕರನ್ನು ಕೊಡುವುದು, ವರ್ಷ ವರ್ಷವೂ ಹಣ ಕೊಡುವುದು, ಕುಲಪತಿಯಿಂದ ಗ್ರಂಥಪಾಲಕನವರೆಗೆ ಹುದ್ದೆ ತುಂಬುವುದು ದಿನದಿನದ ಕೆಲಸ. ಮೊದಲನೆಯದು ಸುಲಭವಾಗಿ ಆಗುತ್ತದೆ; ಎರಡನೆಯದಕ್ಕೆ ಜನ ಬೆನ್ನು ಹತ್ತಬೇಕಾಗುತ್ತದೆ.

ಬೆನ್ನು ಹತ್ತುವುದು ಮಂಡ್ಯದವರಿಗೆ ಹೊಸತಲ್ಲ. ಕೆ. ವಿ. ಶಂಕರಗೌಡರು ಜನರನ್ನು ಕೂಡಿಸಿಕೊಂಡು 1962ರಲ್ಲಿ ಇಲ್ಲಿ ಎಂಜಿನಿಯರಿಂಗ್ ಕಾಲೇಜು ಕಟ್ಟಿದರು. ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲಿ ಜಿ. ಮಾದೇಗೌಡರು ಹಳ್ಳಿಯ ಮಕ್ಕಳಿಗಾಗಿ ವಿದ್ಯಾಸಂಸ್ಥೆ ಬೆಳೆಸಿದರು. ಫ್ರೆಂಚ್ ಪಾದ್ರಿಗಳು ಪರದೇಶದಲ್ಲಿ ಮಾಡಿದ್ದನ್ನು ಇವರು ತಮ್ಮ ನೆಲದಲ್ಲಿ ಮಾಡಿ ತೋರಿಸಿದ್ದಾರೆ. ಈ ಊರಿಗೆ ಆ ಶಕ್ತಿ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಇಲ್ಲಿ ಕುಳಿತ ವಿದ್ಯಾರ್ಥಿಗಳು ಕೆಲವೇ ತಿಂಗಳಲ್ಲಿ ಅರ್ಜಿ ತುಂಬುವವರು. ಬೆಂಗಳೂರೋ, ಮೈಸೂರೋ, ಮಂಡ್ಯವೋ ಎಂಬುದು ಅವರವರ ಅಂಕ ಮತ್ತು ಅನುಕೂಲಕ್ಕೆ ಬಿಟ್ಟದ್ದು. ಆದರೆ ಯಾವ ಬಾಗಿಲಿಗೆ ಹೋದರೂ ನಾಲ್ಕು ಪ್ರಶ್ನೆ ಕೇಳುವುದನ್ನು ಮರೆಯಬಾರದು. ಈ ಸಂಸ್ಥೆಗೆ ಪದವಿ ಕೊಡುವ ಹಕ್ಕು ಯಾವ ಕಾಯಿದೆಯಿಂದ ಬಂದಿದೆ, ಯುಜಿಸಿ ಪಟ್ಟಿಯಲ್ಲಿ ಇದರ ಹೆಸರಿದೆಯೇ? ಪಠ್ಯ ರೂಪಿಸುವವರು ಯಾರು, ಉತ್ತರಪತ್ರಿಕೆ ನೋಡುವವರು ಯಾರು? ಓದಿನ ಪೂರ್ತಿ ಅವಧಿಗೆ ಶುಲ್ಕ, ಊಟ, ವಸತಿ ಸೇರಿ ಆಗುವ ಒಟ್ಟು ಖರ್ಚೆಷ್ಟು? ಕಾಯಂ ಅಧ್ಯಾಪಕರು ಎಷ್ಟು ಮಂದಿ ಇದ್ದಾರೆ?

ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಗಾಡಿ ನಿಲ್ಲಿಸಿದ ರೈತ ತಕ್ಕಡಿಯ ಮುಳ್ಳನ್ನು ಒಮ್ಮೆ ದಿಟ್ಟಿಸಿ ನೋಡದೆ ಚೀಟಿ ಮಡಿಸಿ ಜೇಬಿಗೆ ಹಾಕಿಕೊಳ್ಳುವುದಿಲ್ಲ. ಅವನ ಮಕ್ಕಳು ಪದವಿಯ ವಿಷಯದಲ್ಲಿಯೂ ಅಷ್ಟು ಎಚ್ಚರ ವಹಿಸಿದರೆ ಸಾಕು. ಹಾಗೆಯೇ ಮಂಡ್ಯಕ್ಕೆ ಬಂದ ತಕ್ಕಡಿಯ ಗತಿ ಏನು ಎಂದು ತಮ್ಮ ಪ್ರತಿನಿಧಿಗಳನ್ನು ಕೇಳುವುದು ತಂದೆತಾಯಿಗಳ ಕೆಲಸ. ಬೆಂಗಳೂರಿನ ಪಾದ್ರಿಗಳು ಆ ಹಕ್ಕಿಗಾಗಿ 140 ವರ್ಷ ಕಾದರು. ಕೈಗೆ ಬಂದದ್ದನ್ನು ಆರು ವರ್ಷದಲ್ಲಿ ಬಿಟ್ಟುಕೊಡಬೇಕೇ ಎಂಬುದನ್ನು ಮಂಡ್ಯದವರೇ ತೀರ್ಮಾನಿಸಬೇಕು.